ದೇವರ ಗೂಡಿನ ಅಳತೆ

“ಹದಿನೆಂಟಂತೆ ಹದಿನೆಂಟು! ಆ ಹದಿನೆಂಟನ್ನ ತಗಂಡೋಗಿ ನಿಮ್ಮನೆ ಗೋಡೆಗೆ ಮೊಳೆ ಹೊಡೆದು ನೇತಾಕ್ಕಳಿ ಸಾರ್. ಈ ಕಾಗದಕ್ಕೆ ನಾನು ಸೈನ್ ಹಾಕಲ್ಲ.”

ನಾನು ಮೇಜಿಗೆ ಬಡಿದ ರಭಸಕ್ಕೆ ಲಕ್ಷ್ಮೀನರಸಿಂಹ ಅವರ ಕನ್ನಡಕದ ಡಬ್ಬಿ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಮೊದಲು ಇದ್ದ ಜಾಗದಲ್ಲೇ ಇಟ್ಟರು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮನುಷ್ಯ. ನನ್ನಂಥ ಕೂಗುಮಾರಿಗಳನ್ನು ಎಷ್ಟು ಕಂಡಿದ್ದರೋ.

“ಮೃತ್ಯುಂಜಯ ಅವರೇ, ಅದು ನನ್ನ ಅಭಿಪ್ರಾಯ ಅಲ್ಲ. ಅಳತೆ.”

“ಅಳತೆಗೆ ಕಾಲಿದೆಯಾ ಸಾರ್? ಪುಟ್ಟಬಸಮ್ಮಂಗಿದೆ. ಮರಗಟ್ಟೋಗಿದೆ. ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಕಳಚಿ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಬರಿಗಾಲಲ್ಲಿ ಶೆಡ್ಡಿನ ಬಾಗಿಲ ತನಕ ನಡ್ಕಂಡು ಹೋದ್ಲು. ನಾನೇ ಕೂಗಿ ಹೇಳ್ಬೇಕಾಯ್ತು.”

“ಮೇಸ್ತ್ರಿ, ಸ್ವಲ್ಪ ಮೆಲ್ಲಗೆ. ಕೆಳಗೆ ಕೇಳಿಸ್ತದೆ,” ಎಂದರು ಯೋಗೇಂದ್ರ.

ಫ್ಯಾಕ್ಟರಿ ಯೋಗೇಂದ್ರ ಅವರದು. ಕೂರ್ಗಳ್ಳಿ ಕಡೆ, ದೊಡ್ಡ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಶೆಡ್ಡು. ಅಲ್ಲಿ ಹೆಗಲಿಗೆ ಹಾಕುವ ಬ್ಯಾಗ್ ಮಾಡುತ್ತೇವೆ. ಬಟ್ಟೆಗೆ ಫೋಮ್ ಅಂಟಿಸಲು ಸಲ್ಯೂಷನ್ ಬೇಕು. ಡಬ್ಬಿಯಿಂದ ಬ್ರಶ್ಶಿನಲ್ಲಿ ತೆಗೆದು ಬಳಿದರೆ ಅದರಲ್ಲಿರುವ ಹೆಕ್ಸೇನ್ ಅನ್ನುವ ದ್ರವ ಗಾಳಿಗೆ ಹಾರುತ್ತದೆ, ಅಂಟು ಉಳಿಯುತ್ತದೆ. ಹಾರಿದ್ದು ಎಲ್ಲಿ ಹೋಗುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಸಲ್ಯೂಷನ್ ಬೇಗ ಕೆನೆಗಟ್ಟಿ ಫೋಮ್ ಹಿಡಿಯುವುದಿಲ್ಲ. ಕಿಟಕಿ ತೆಗೆದರೆ ರಸ್ತೆಯ ಧೂಳು ಬಂದು ಕೂರುತ್ತದೆ. ಅದಕ್ಕೇ ಎರಡೂ ಬಂದ್. ಆ ನಿಯಮ ಮಾಡಿದ್ದು ನಾನೇ.

ಈಗ ಹೊರದೇಶದ ಗಿರಾಕಿ ಒಂದು ಷರತ್ತು ಹಾಕಿದ್ದ. ಗಾಳಿಯಲ್ಲಿ ಹೆಕ್ಸೇನ್ ಎಷ್ಟಿರಬಹುದು ಅಂತ ಫ್ಯಾಕ್ಟರಿ ತನ್ನದೇ ಮಿತಿ ಬರೆದು ಗೋಡೆಗೆ ಹಾಕಬೇಕು. ಈಗ ಎಷ್ಟಿದೆ ಅಂತ ಅಳೆದು ತೋರಿಸಬೇಕು; ಅದಕ್ಕೇ ಲಕ್ಷ್ಮೀನರಸಿಂಹ ಅವರನ್ನು ಕರೆಸಿದ್ದು. ಕೆಲಸಗಾರರ ಪ್ರತಿನಿಧಿ ಸಹಿ ಹಾಕಬೇಕು. ಸುರಕ್ಷಾ ಸಮಿತಿಯ ಪಟ್ಟಿಯಲ್ಲಿ ಪ್ರತಿನಿಧಿ ಅಂತ ನನ್ನ ಹೆಸರಿತ್ತು. ಮೇಸ್ತ್ರಿಯೇ ಪ್ರತಿನಿಧಿ ಆಗಬಹುದೇ ಅಂತ ಸಲ್ಯೂಷನ್ ಬಳಿಯುವ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಕಾಗದ ಸಂಜೆ ಐದಕ್ಕೆ ಮೇಲ್ ಆಗಬೇಕಿತ್ತು. ಆಗ ಮೂರೂವರೆ.

“ಇನ್ನೊಂದು ಸಲ ಹೇಳ್ತೀನಿ,” ಎಂದರು ಲಕ್ಷ್ಮೀನರಸಿಂಹ. “ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐವತ್ತು ಪಾಲು ಹೆಕ್ಸೇನ್. ದಿನಕ್ಕೆ ಎಂಟು ಗಂಟೆ ಕೆಲಸ ಮಾಡೋರಿಗೆ ಅಷ್ಟು ಅಂತ ಪುಸ್ತಕ ಹೇಳುತ್ತೆ. ನಿಮ್ಮದು ಹನ್ನೆರಡು ಗಂಟೆ ಪಾಳಿ. ಉಸಿರಾಡೋ ಹೊತ್ತು ಜಾಸ್ತಿ, ಮೈ ಸುಧಾರಿಸಿಕೊಳ್ಳೋ ಹೊತ್ತು ಕಮ್ಮಿ. ಅದಕ್ಕೆ ನಾನು ಅರ್ಧಕ್ಕೆ ಇಳಿಸಿದೀನಿ. ಇಪ್ಪತ್ತೈದು. ಯೋಗೇಂದ್ರ ಅವರು ನಲವತ್ತು ಸಾಕು ಅಂದ್ರು. ನಾನು ಒಪ್ಪಲಿಲ್ಲ.”

“ಒಪ್ಪಲಿಲ್ಲ ಕಣ್ರೀ,” ಎಂದರು ಯೋಗೇಂದ್ರ ಬೇಸರದಿಂದ.

“ಈಗ ಶೆಡ್ಡಿನಲ್ಲಿರೋದು ಹದಿನೆಂಟು. ಮಿತಿಗಿಂತ ಕೆಳಗೇ ಇದೆ. ಹದಿನೆಂಟಕ್ಕೆ ನರ ಕೆಟ್ಟು ಕಾಲು ಮರಗಟ್ಟೋದು ಕಷ್ಟ. ಆಕೆಗೆ ಶುಗರ್ ಇರಬೇಕು. ಪರೀಕ್ಷೆ ಮಾಡಿಸಿ ಅಂತ ಅವತ್ತೇ ಹೇಳಿದ್ದೆ.”

ಜೇಬಿನಿಂದ ಚೀಟಿ ತೆಗೆದು ಅವರ ಮುಂದೆ ಎಸೆದೆ. “ದೊಡ್ಡಾಸ್ಪತ್ರೆ ಚೀಟಿ. ಓದಿ. ಶುಗರ್ ಇಲ್ಲ.”

ಓದಿದರು. ಮುಖ ಸ್ವಲ್ಪ ಸಣ್ಣಗಾಯಿತು. “ಹಾಗಾದ್ರೆ ನನಗೆ ಅರ್ಥ ಆಗ್ತಿಲ್ಲ. ಆರು ಜನ, ಅವರ ಮೈಗೆ ಕಟ್ಟೋಕೆ ಗಾಳಿ ಹೀರಿ ಹಿಡಿಯೋ ಆರು ಪಂಪು, ಎರಡು ದಿನ. ನನ್ನ ಕೈಯಾರೆ ಚಾಲೂ ಮಾಡಿ ಕೊಟ್ಟಿದ್ದೀನಿ. ಪ್ರಯೋಗಾಲಯದಿಂದ ಬಂದ ಅಂಕಿಗಳೂ ಒಂದಕ್ಕೊಂದು ಹತ್ತಿರ ಇವೆ. ಆ ಹೆಂಗಸರು ಎಷ್ಟು ಜೋಪಾನ ಮಾಡಿದ್ರು ಗೊತ್ತಾ? ಒಂದು ಹನಿ ಸಲ್ಯೂಷನ್ ತಾಗಿಸಿರಲಿಲ್ಲ. ಪಾಪ, ಒಂದೊಂದಕ್ಕೂ ಕುಂಕುಮ ಇಟ್ಟು ವಾಪಸ್ ಕೊಟ್ರು. ನಾನೇ ಒರೆಸಿ ಡಬ್ಬಿಗೆ ಹಾಕಿದೆ.”

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

“ಒಂದು ಹನೀನೂ ಇರಲಿಲ್ವಾ?”

“ಇರಲಿಲ್ಲ.”

ಸಲ್ಯೂಷನ್ ಮೇಜಿನಲ್ಲಿ ಕೂತವರ ಮೈ ನೋಡಿದ್ದೀರಾ? ಸೀರೆಯ ಮೇಲೆ, ಬಳೆಯ ಮೇಲೆ, ತಾಳಿಯ ಮೇಲೆ, ಹುಬ್ಬಿನ ಮೇಲೂ ಹಳದಿ ಚುಕ್ಕೆ ಒಣಗಿರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿಂದ ಚುಕ್ಕೆ ಇಲ್ಲದೆ ಎದ್ದವರನ್ನು ನಾನು ಕಂಡಿಲ್ಲ. ಹನ್ನೆರಡು ಗಂಟೆ ಕತ್ತಿಗೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಯಂತ್ರಕ್ಕೆ ಒಂದು ಹನಿಯೂ ತಾಗಿಲ್ಲ ಅಂದರೆ ಅದು ಮೈಮೇಲೆ ಇರಲೇ ಇಲ್ಲ.

“ಕೆಳಗೆ ಬನ್ನಿ,” ಎಂದೆ.

“ಏನ್ರೀ ಈಗ?” ಅಂದರು ಯೋಗೇಂದ್ರ, ಗಡಿಯಾರ ನೋಡುತ್ತ.

“ಬನ್ನಿ ಅಂದ್ನಲ್ಲ!”

ಶೆಡ್ಡಿನ ಬಾಗಿಲು ತೆಗೆದೊಡನೆ ಲಕ್ಷ್ಮೀನರಸಿಂಹ ಅವರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ಆ ವಾಸನೆ ಗೊತ್ತಾಗುವುದು ನಿಂತು ಎಷ್ಟೋ ವರ್ಷವಾಗಿದೆ. ನಲವತ್ತು ಹೆಂಗಸರು ತಲೆ ಬಗ್ಗಿಸಿ ಬಳಿಯುತ್ತಿದ್ದರು. ಮೊದಲ ಮೇಜಿನಲ್ಲೇ ಪುಟ್ಟಬಸಮ್ಮ. ಉದಯಗಿರಿಯಿಂದ ಎರಡು ಬಸ್ಸು ಬದಲಿಸಿ ಬರುವವಳು. ಹನ್ನೊಂದು ವರ್ಷದಲ್ಲಿ ಒಂದು ದಿನ ತಡ ಮಾಡಿದವಳಲ್ಲ.

“ಏಳು,” ಎಂದೆ. “ಅವತ್ತು ಈ ಸಾರ್ ಮೆಷಿನ್ ಕೊಟ್ರಲ್ಲ, ಎಂಗೆ ಕಟ್ಕಂಡಿದ್ದೆ ತೋರ್ಸು.”

“ಅವ್ರು ಏಳ್ಕೊಟ್ಟಂಗೇ ಕಣಣ್ಣ. ಡಬ್ಬಿ ಸೊಂಟಕ್ಕೆ, ಕೊಳವೆ ಕತ್ತಿನ ತಾವ ಕ್ಲಿಪ್ಪಾಕಿ.”

“ಸಂಜೆ ತನಕ?”

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಬ್ರಶ್ಶು ನೋಡಿದಳು.

“ಸಂಜೆ ತನಕ ಕಟ್ಕಂಡಿದ್ಯಾ ಅಂತ ಕೇಳ್ದೆ!”

“ನೀವು ಬಯ್ಯಲ್ಲ ಅಂದ್ರೆ ಏಳ್ತೀನಿ.”

“ಬಯ್ಯಲ್ಲ ಹೇಳು.”

“ಈಗ್ಲೇ ಬಯ್ತಾ ಇದ್ದೀರಲ್ಲಣ್ಣ,” ಅಂತ ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಪುಟ್ಟಬಸಮ್ಮ ನಗಲಿಲ್ಲ. ಕೈ ಎತ್ತಿ ಪೂರ್ವದ ಮೂಲೆ ತೋರಿಸಿದಳು.

ಅಲ್ಲಿ ಗೋಡೆಯಲ್ಲಿ ದೇವರ ಗೂಡು. ಚಾಮುಂಡಿ, ನಂಜುಂಡೇಶ್ವರ ಎರಡು ಫೋಟೋ, ಒಂದು ದೀಪ, ಕುಂಕುಮದ ಬಟ್ಟಲು. ಪಕ್ಕದಲ್ಲೇ ಊದುಬತ್ತಿಯ ಹೊಗೆ ಹೋಗಲೆಂದು ಇಡೀ ಶೆಡ್ಡಿನಲ್ಲಿ ಯಾವತ್ತೂ ತೆರೆದೇ ಇರುವ ಒಂದೇ ಕಿಟಕಿ.

“ನೀವು ತಿರುಗ್ದೇಟ್ಗೆ ಬಿಚ್ಚಿ ಅಲ್ಲಿ ಮಡಗುದ್ವು ಸಾ,” ಎಂದಳು ಲಕ್ಷ್ಮೀನರಸಿಂಹ ಅವರಿಗೆ. “ಆರೂ ಅಲ್ಲೇ ಇದ್ವು. ಗುಂಯ್ ಅಂತಿದ್ವು. ಸಂಜೆ ನೀವು ಬರೋ ಹೊತ್ಗೆ ಮತ್ತೆ ಕಟ್ಕಂಡ್ವು. ಶೆಡ್ಡಲ್ಲಿ ಚೊಕ್ಕಟವಾಗಿರೋದು ಅದೊಂದೇ ಜಾಗ. ಆಯುಧಪೂಜೇಲಿ ಮೆಷಿನ್‌ಗಿಡಲ್ವಾ, ಅಂಗೇ ಒಂದೊಂದು ಬೊಟ್ಟು ಇಟ್ವು.”

“ಯಾಕಮ್ಮ? ಯಾಕೆ ಬಿಚ್ಚಿದ್ರಿ? ನಾನು ಅಷ್ಟು ಹೇಳಿದ್ನಲ್ಲ, ಮೈಮೇಲೇ ಇರಬೇಕು ಅಂತ!” ಲಕ್ಷ್ಮೀನರಸಿಂಹ ಅವರ ದನಿ ಮೊದಲ ಸಲ ಏರಿತು.

ಪುಟ್ಟಬಸಮ್ಮ ನನ್ನ ಕಡೆ ನೋಡಲೂ ಇಲ್ಲ. “ಮೇಸ್ತ್ರಣ್ಣ ಏಳಿದ್ರಲ್ಲ. ಒಂದು ತೊಟ್ಟು ಸಲ್ಯೂಷನ್ ಬಿದ್ರೂ ಗೇಟಿಂದ ಆಚೆ ಅಂತ.”

ಹೇಳಿದ್ದೆ. ಆ ಬೆಳಿಗ್ಗೆ ಲಕ್ಷ್ಮೀನರಸಿಂಹ ಅವರು ಕಾರಿನಿಂದ ಎರಡನೇ ಡಬ್ಬಿ ತರಲು ಹೋದಾಗ, ಆರು ಜನರನ್ನೂ ಸಾಲಾಗಿ ನಿಲ್ಲಿಸಿ, ಬೆರಳು ತೋರಿಸಿ ಹೇಳಿದ್ದೆ. ಆಮೇಲೆ ಎರಡೂ ದಿನ ಪ್ಯಾಕಿಂಗ್ ಕಡೆಗೇ ಇದ್ದೆ, ಮೇಜಿನ ಕಡೆ ಬರಲಿಲ್ಲ. ನನಗೆ ಅದು ಬರೀ ಮಾತು; ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಬ್ರಶ್ಶು ಬೀಳಿಸಿದರೂ ಗೇಟಿಂದ ಆಚೆ, ಜೋರಾಗಿ ನಕ್ಕರೂ ಗೇಟಿಂದ ಆಚೆ.

ಯೋಗೇಂದ್ರ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ಈಗ ಏನೂ ಮಾಡಕ್ಕಾಗಲ್ಲ ಮೇಸ್ತ್ರಿ. ಐದಕ್ಕೆ ಕಾಗದ ಹೋಗದಿದ್ರೆ ಆರ್ಡರ್ ತಮಿಳುನಾಡಿಗೆ ಹೋಗುತ್ತೆ. ಈ ನಲವತ್ತು ಜನ ಮನೇಲಿ ಕೂರ್ತಾರೆ. ಸೈನ್ ಹಾಕ್ಬುಡಿ. ಮುಂದಿನ ತಿಂಗಳು ನಾವೇ ನಾವು ಅಳೆಯೋಣ.”

“ಹಾಕ್ಬುಡಿ ಅಣ್ಣ,” ಅಂದಳು ಹಿಂದಿನ ಮೇಜಿನ ಸೋಮಮ್ಮ. “ನಮ್ಗೇನಾಗಿದೆ? ಚೆನ್ನಾಗೇ ಇದ್ದೀವಲ್ಲ.”

ಕಾಗದ ಯೋಗೇಂದ್ರ ಅವರ ಕೈಯಲ್ಲೇ ಇತ್ತು. ಕಿತ್ತುಕೊಂಡೆ. ಪ್ರತಿನಿಧಿಯ ಸಹಿ ಅನ್ನುವ ಕಡೆ ದಪ್ಪ ಅಕ್ಷರದಲ್ಲಿ ಬರೆದೆ: ‘ಅಳತೆ ತಪ್ಪು. ಪಂಪುಗಳು ಕಿಟಕಿಯ ಪಕ್ಕ ದೇವರ ಗೂಡಿನಲ್ಲಿದ್ದವು. ಹೆಂಗಸರನ್ನು ಹೆದರಿಸಿದ್ದು ನಾನು. ಮೃತ್ಯುಂಜಯ, ಮೇಸ್ತ್ರಿ.’

“ತಲೆ ಕೆಟ್ಟಿದೆಯೇನ್ರೀ ನಿಮಗೆ?” ಯೋಗೇಂದ್ರ ಕಿರುಚಿದರು. “ನಮ್ಮಪ್ಪನ ಕಾಲದಿಂದ ಅನ್ನ ತಿಂದು…”

“ಅವರು ಬರೆದದ್ದು ಸರಿ,” ಎಂದು ಲಕ್ಷ್ಮೀನರಸಿಂಹ ಅವರು ನಡುವೆ ಬಂದರು. ಪೆನ್ನು ತೆಗೆದು ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದರು. “ಆ ಅಂಕಿಯ ಕೆಳಗೆ ನನ್ನ ಹೆಸರೂ ಬೇಡ. ಯೋಗೇಂದ್ರ, ನಾಳೆ ಗಿರಾಕಿಯ ಕಡೆಯವನೇ ಬಂದು ಅಳೆದು, ಹದಿನೆಂಟರ ಜಾಗದಲ್ಲಿ ಎಂಬತ್ತು ಸಿಕ್ಕಿದ್ರೆ ಆಗೇನು ಹೇಳ್ತೀರಿ? ಅಳತೆ ಕೆಟ್ಟಿದೆ, ಹದಿನೈದು ದಿನ ಕೊಡಿ ಅಂತ ಬರೆಯಿರಿ. ಕೊಡ್ತಾರೆ. ನಾನೂ ಒಂದು ಪತ್ರ ಕೊಡ್ತೀನಿ.”

ಯೋಗೇಂದ್ರ ಕಾಗದ ಇಸಿದುಕೊಂಡು, ಮಡಚಿ ಜೇಬಿಗಿಟ್ಟರು. ಆಮೇಲೆ, “ಸರಿ. ಅಳೀರಿ,” ಎಂದರು.

ನನ್ನ ಎದೆ ಹಗುರವಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೆಮ್ಮೆಯೂ ಆಯಿತು. ತಪ್ಪು ಒಪ್ಪಿಕೊಂಡ ಗಂಡಸು ಅನ್ನುವ ಹೆಮ್ಮೆ.

“ನಾಳೆ ಬೆಳಿಗ್ಗೆ ಎಂಟಕ್ಕೆ ಪಂಪು ತರ್ತೀನಿ,” ಎಂದರು ಲಕ್ಷ್ಮೀನರಸಿಂಹ. “ಈ ಸಲ ನಾನೇ ಇಲ್ಲಿ ಕೂತಿರ್ತೀನಿ. ಎರಡು ದಿನ. ಅದೇ ಮೇಜು, ಅದೇ ಆರು ಜನ.”

“ನಾನೂನಾ ಸಾ?” ಎಂದಳು ಪುಟ್ಟಬಸಮ್ಮ.

“ನೀವು ಬೇಕೇ ಬೇಕಮ್ಮ. ಎಲ್ಲರಿಗಿಂತ ಹೆಚ್ಚು ಬಳಿಯೋದು ನೀವಂತೆ. ನಿಮ್ಮ ಅಂಕಿಯೇ ಮುಖ್ಯ.”

“ಕಿಟ್ಕಿ?”

“ದಿನಾ ಇರೋ ಹಾಗೇ ಇರಲಿ. ತೆಗೆದ್ರೆ ಮತ್ತೆ ತಪ್ಪು ಅಂಕಿ ಬರುತ್ತೆ.”

ಪುಟ್ಟಬಸಮ್ಮ ಬ್ರಶ್ಶನ್ನು ಡಬ್ಬಿಯೊಳಗೆ ಇಳಿಸಿ ಮುಚ್ಚಳ ಮುಚ್ಚಿದಳು. “ಅಂದ್ರೆ ಇನ್ನೆರಡು ದಿನ ನಾನು ಇದನ್ನೇ ಕುಡೀಬೇಕು. ನೀವು ಪಕ್ಕದಲ್ಲಿ ಕೂತು ಬರ್ಕಬೇಕು.”

“ಎರಡೇ ದಿನ ಕಣೇ,” ಎಂದೆ. ಅನ್ನಬಾರದಿತ್ತು.

“ಯುಗಾದಿ ಆದ ಮಾರನೇ ವಾರ ನಿಮ್ತಾವ ಬಂದು ಏಳ್ದೆ. ಅಣ್ಣ, ಕಾಲು ಜುಮ್ಮಂತದೆ, ಚಪ್ಲಿ ಬಿದ್ದೋದ್ರೂ ಗೊತ್ತಾಗಕಿಲ್ಲ ಅಂತ. ಏನಂದ್ರಿ?”

ನಾನು ಅವಳು ಮುಚ್ಚಿದ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದೆ.

“ಏಳಿ. ಸಾರೂ ಕೇಳ್ಲಿ.”

“ಹಿಂದೆ ಪಟ್ಟಿ ಇರೋ ಚಪ್ಲಿ ತಗೋ ಅಂದೆ.”

ಅವತ್ತು ಎಲ್ಲರೂ ನಕ್ಕಿದ್ದರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

“ತಗಂಡೆ,” ಎಂದಳು. ಆಮೇಲೆ ಲಕ್ಷ್ಮೀನರಸಿಂಹ ಅವರ ಕಡೆ ತಿರುಗಿದಳು. “ನೀವು ಓದ್ದೋರು ಸಾ, ಬೇಜಾರು ಮಾಡ್ಕಬೇಡಿ. ಎಷ್ಟು ಕುಡಿದ್ರೆ ಕಾಲು ಸಾಯ್ತದೆ ಅಂತ ತಾನೆ ನೀವು ಉಡುಕ್ತಾ ಇರೋದು? ಇಗಳಿ, ಸತ್ತದೆ. ನನ್ ಕಾಲು ಸಾಕಾಗಲ್ವಾ ನಿಮ್ ಲೆಕ್ಕಕ್ಕೆ? ಅದರ ಮೇಲೂ ಮೆಷಿನ್ ಕಟ್ಬೇಕಾ?”

ಲಕ್ಷ್ಮೀನರಸಿಂಹ ಅವರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಅವಳು ಮೊಳೆಯಿಂದ ಊಟದ ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ತಮ್ಮ ತಮ್ಮ ಚಪ್ಪಲಿ ಬಿಟ್ಟಿರುತ್ತಾರೆ. ಒಂದು ಕೈಯಿಂದ ಗೋಡೆ ಹಿಡಿದು, ಕಣ್ಣಿನಿಂದ ನೋಡಿ ನೋಡಿ ಒಂದೊಂದೇ ಕಾಲನ್ನು ತೂರಿಸಿದಳು. ಹೊರಟಳು.

“ಏಯ್ ಪುಟ್ಟಬಸಮ್ಮ! ಪಾಳಿ ಮುಗಿದಿಲ್ಲ, ನಿಂತ್ಕೊ! ಈಗ ಹೋದ್ರೆ…”

ಮುಂದಿನ ಮಾತು ನಾಲಿಗೆಯ ಮೇಲೇ ಇತ್ತು. ನಾಲ್ಕು ಹೊತ್ತೂ ಆಡುವ ಮಾತು. ಅವಳಾಗಲೇ ಗೇಟು ದಾಟುತ್ತಿದ್ದಳು.

ನಾನು ಹಿಂದೆ ಓಡಿದೆ. ಗೇಟಿನ ಕಬ್ಬಿಣದ ಪಟ್ಟಿಯ ಹತ್ತಿರ ಅವಳ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಹಿಂದೆ ಪಟ್ಟಿ ಇದ್ದ ಚಪ್ಪಲಿ. ಪಟ್ಟಿಯ ಹೊಲಿಗೆ ಕಿತ್ತಿತ್ತು. ಎತ್ತಿಕೊಂಡು ಕೂಗಿದೆ. ರಸ್ತೆಯ ಟಾರು ಬಿಸಿಲಿಗೆ ಮೆತ್ತಗಾಗಿತ್ತು. ಅವಳು ಆ ಟಾರಿನ ಮೇಲೆ ಒಂದು ಕಾಲು ಬರಿದಾಗಿ ನೇರ ನಡೆದಳು, ಎರಡೂ ಕಾಲಿಗೆ ಚಪ್ಪಲಿ ಇದ್ದವಳ ಹಾಗೆ. ತಿರುಗಲಿಲ್ಲ. ಬಸ್ಸು ಬಂತು, ಹತ್ತಿದಳು.

ಮರುದಿನ ಎಂಟಕ್ಕೆ ಅವಳ ಮೇಜಿನಲ್ಲಿ ಪಂಪು ಕಟ್ಟಿಕೊಂಡು ನಾನೇ ಕೂತೆ. ಎರಡು ದಿನ ಬಳಿದೆ. ಗಿರಾಕಿ ಕೇಳಿದಷ್ಟು ದಿನ ಕೊಟ್ಟ. ಹತ್ತು ದಿನಕ್ಕೆ ಅಂಕಿ ಬಂತು, ಎಪ್ಪತ್ತೊಂಬತ್ತು. ಮಿತಿ ಇಪ್ಪತ್ತೈದು ಅಂತ ಗೋಡೆಗೆ ಬೋರ್ಡು ಹಾಕಿದರು, ಮೇಜಿನ ಹಿಂದೆ ಗಾಳಿ ಎಳೆಯುವ ಫ್ಯಾನು ಕೂರಿಸಿದರು. ಪುಟ್ಟಬಸಮ್ಮನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಉದಯಗಿರಿಗೆ ಹೋದೆ, ನನ್ನ ದನಿ ಕೇಳಿ ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಚಪ್ಪಲಿಯ ಪಟ್ಟಿ ಹೊಲಿಸಿ ವಾಚ್‌ಮನ್ ಕೋಣೆಯ ಮೊಳೆಗೆ ತೂಗುಹಾಕಿದ್ದೇನೆ. ಅದನ್ನು ಕೇಳಿಕೊಂಡು ಅವಳು ಬಂದಿಲ್ಲ.