ಹಲ್ಲಿಗೆ ಸಿಕ್ಕ ಸದ್ದು

ಅವಳಿಗೆ ಬಲಗಿವಿ ಪೂರ್ತಿ ಇಲ್ಲ, ಎಡಗಿವಿ ಮುಕ್ಕಾಲು ಇಲ್ಲ. ಆದರೆ ಮೈದುನನ ತುಟಿ ಕಾಣುತ್ತಿದೆ, ಮಾವನ ಕಡೆ ತಿರುಗಿ ಆಡುತ್ತಿದೆ — ಬಂದೂಕಿನ ಒಳಗೇನು ಗಡಗಡ ಅಂತಿದೆ ಅಂತ ಕೇಳಿಸ್ಕೊಳ್ಳೋಕೆ ಅತ್ತಿಗೆಗೆ ಕಿವಿನೇ ಇಲ್ವಲ್ಲಪ್ಪಾ, ಸುಮ್ನೆ ಮೇಡಂನ ಯಾಕೆ ಕಾಯಿಸ್ತೀಯಾ — ಪೆದ್ದ, ಕಿವುಡಿಯ ಬೆನ್ನ ಹಿಂದೆ ಆಡಿಕೊಳ್ಳುವುದೆಂದರೆ ಎದುರಿಗೇ ನಿಂತು ಮೆಲ್ಲಗೆ ಅನ್ನುವುದು ಎಂದುಕೊಂಡಿದ್ದಾನೆ, ಆಡಿಕೊಳ್ಳಲಿ, ರಿಪೇರಿ ಅಂಗಡಿಯ ಬಾಗಿಲಲ್ಲಿ ಶೂಟರ್ ಮೇಡಂ ಮತ್ತೆ ಗಡಿಯಾರ ನೋಡಿದರು, ನಾಳೆ ಬೆಳಿಗ್ಗೆ ಅವರಿಗೆ ಸ್ಪರ್ಧೆ, ಇದೋ ಎರಡನೇ ಹೊಡೆತಕ್ಕೋ ಮೂರನೆಯದಕ್ಕೋ ಖಾಲಿ ಕಾರ್ಟ್ರಿಜ್ ಹೊರಗೆ ಹಾರದೆ ಕಿಂಡಿಯಲ್ಲೇ ಸಿಕ್ಕಿಕೊಳ್ಳುವ ಬಂದೂಕು, ಕೆಂಪಗೆ, ನಾಲಿಗೆ ಚಾಚಿ ಅಣಕಿಸಿದ ಹಾಗೆ. ಮಾವನ ಕೈ ನಡುಗಲು ಶುರುವಾಗಿ ವರ್ಷವಾಯಿತು, ಇವತ್ತು ಟೀ ಲೋಟ ಕೆಳಗಿಟ್ಟು ಅಂದರು, ಇದನ್ನ ಯಾರು ಸರಿ ಮಾಡ್ತೀರೋ ರಿಪೇರಿ ಬೆಂಚು ಅವರದು, ಇನ್ನೊಬ್ರು ಕೌಂಟರಿಗೆ. ಆರು ವರ್ಷ ಅರ ಉಜ್ಜಿದ್ದಾಳೆ, ಎಣ್ಣೆ ಒರೆಸಿದ್ದಾಳೆ, ಬೇಕಾದ ಸ್ಪ್ಯಾನರ್ ಕೇಳುವ ಮೊದಲೇ ಕೊಟ್ಟಿದ್ದಾಳೆ — ಕೌಂಟರಿಗೆ ಹೋದರೆ ಇನ್ನು ಜನ್ಮಪೂರ್ತಿ ಕೌಂಟರ್, ಗಿರಾಕಿಗಳ ಮೀಸೆಯಡಿಯ ತುಟಿ ಓದುವುದು. ಬೆಳಗಿನಿಂದ ಮೈದುನ ನಳಿಗೆಯ ಕೆಳಗಿನ ಕೊಳವೆ ಬಿಚ್ಚಿ ಎರಡು ಸ್ಪ್ರಿಂಗ್ ಬದಲಿಸಿದ, ಸದ್ದು ಅಲ್ಲಿಂದಲೇ ಬರ್ತಿದೆ ಅಂದ, ಮಾವನೂ ಕಿವಿಯಿಟ್ಟು ಹೌದು ಅಂದರು, ಮೇಡಂ ಕೂಡ ತಲೆಯಾಡಿಸಿದರು, ಆಮೇಲೂ ಅದೇ ಕೆಂಪು ನಾಲಿಗೆ.

ಈಗ ಅವಳ ಸರದಿ. ಬಂದೂಕು ಖಾಲಿಯೇ? ಎರಡು ಸಲ ನೋಡಿದಳು, ಖಾಲಿ. ಸ್ಕ್ರೂಡ್ರೈವರಿನ ಹಿಡಿ ಹಲ್ಲಿನ ನಡುವೆ, ತುದಿ ಉಕ್ಕಿನ ಮೈಗೆ, ಎಡಗೈ ಅಲುಗಾಡಿಸುತ್ತದೆ — ಜ್ವರ ಬಂದು ಕಿವಿ ಹೋದಮೇಲೆ ಶಾಲೆಯಲ್ಲಿ ಡೆಸ್ಕಿನ ಅಂಚು ಕಚ್ಚಿಯೇ ಟೀಚರ್ ಹೆಜ್ಜೆಯ ಸದ್ದು ಗುರುತು ಹಿಡಿಯುತ್ತಿದ್ದಳು, ಇಲಿ ಅಂತ ಹೆಸರಿಟ್ಟಿದ್ದರು, ಏ ಇಲಿ, ಇವತ್ತು ಡೆಸ್ಕು ಎಷ್ಟು ತಿಂದೆ — ಕೊಳವೆಯ ಮೇಲೆ ಏನಿಲ್ಲ, ಮಂದ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬಂದೂಕಿನ ಎಡಮಗ್ಗುಲು — ಟಕ್ — ಹಲ್ಲಿನ ಬೇರಿಗೇ ಸೂಜಿ ಚುಚ್ಚಿದ ಹಾಗೆ. ಇನ್ನೊಮ್ಮೆ, ಟಕ್. ಎಜೆಕ್ಟರ್! ಖಾಲಿ ಕಾರ್ಟ್ರಿಜ್ಜನ್ನು ಹೊರಗೆ ಒದೆಯುವ ಉಗುರಿನಷ್ಟು ತುಂಡು, ಅದರ ರಿವೆಟ್ ಕೂದಲೆಳೆಯಷ್ಟು ಸಡಿಲ, ಅಲುಗಿದಾಗ ಒದೆ ತಪ್ಪುತ್ತದೆ, ಸದ್ದು ಹುಟ್ಟುವುದು ಇಲ್ಲಿ, ಕೊಳವೆಯಲ್ಲಿ ಓಡಿ ಕೇಳುವುದು ಅಲ್ಲಿ, ಕಿವಿಯಿದ್ದವರೆಲ್ಲ ಸದ್ದಿನ ಹಿಂದೆ ಹೋದರು. ನಗು ಬರುತ್ತದೆ, ನಗಬಾರದು, ಕೈ ಅಲುಗುತ್ತದೆ. ಹಳೆಯದು ಕಿತ್ತು ಬಂತು, ಹೊಸ ರಿವೆಟ್ ಕೂತಿತು, ಚಿಕ್ಕ ಸುತ್ತಿಗೆ, ಮೆಲ್ಲಗೆ, ಮೆಲ್ಲಗೆ, ಮತ್ತೆ ಹಲ್ಲಿಗಿಟ್ಟು ನೋಡಿದರೆ ಬಂಡೆಯ ಹಾಗೆ ಮೌನ. ಸರಿಯಾಯ್ತು ಅಂದಳು, ಜೋರಾಗಿಯೇ ಅಂದಿರಬೇಕು, ಮೇಡಂ ಬೆಚ್ಚಿದರು.

ಹಿತ್ತಲಿನ ಮಣ್ಣುದಿಬ್ಬದೆದುರು ಮೇಡಂ ಬಂದೂಕು ಎತ್ತಿದ್ದಾರೆ, ಮೈದುನ ಕೈಕಟ್ಟಿ ನಿಂತಿದ್ದಾನೆ, ಸಿಕ್ಕೊಳ್ಳುತ್ತೆ ನೋಡ್ತಿರು ಅನ್ನುತ್ತಿದೆ ಅವನ ತುಟಿ, ಅವಳ ಅಂಗಾಲಿಗೆ ಮೊದಲ ಹೊಡೆತ ತಾಕಿತು, ಕೆಂಪು ಹಾರಿತು, ಎರಡು, ಹಾರಿತು, ಮೂರು — ಇಲ್ಲೇ ಅದು ನಾಲಿಗೆ ಚಾಚುವುದು — ಹಾರಿತು, ನಾಲ್ಕು, ಐದು, ಮೇಡಂ ತಿರುಗಿ ಬಾಯಿ ತುಂಬ ನಗುತ್ತಾರೆ, ಮಾವ ನಡುಗುವ ಕೈಯಿಂದ ಅವಳ ಭುಜ ತಟ್ಟಿ, ಎಲ್ಲಿತ್ತಮ್ಮಾ ಅದು ಅಂದರು, ಅವಳು ಹಲ್ಲು ತೋರಿಸಿದಳು, ಕೌಂಟರಲ್ಲಿ ಫ್ಯಾನಿದೆ ಹೋಗಪ್ಪಾ ಅಂದಳು ಮೈದುನನಿಗೆ, ಅವನು ಕಟ್ಟಿದ ಕೈ ಬಿಚ್ಚಿ ಕೌಂಟರಿನ ಕಡೆ ನಡೆದ, ನಾಲಿಗೆಗೆ ಏನೋ ಚೂಪಾಗಿ ತಾಕುತ್ತದೆ, ತಾಕಲಿ, ಗಾಳಿಯಲ್ಲಿ ಆ ಕೆಂಪು ಇನ್ನೂ ತಿರುಗುತ್ತಿದೆ, ತಿರುಗುತ್ತ ಬಿಸಿಲಿಗೆ ಬರುತ್ತಿದೆ, ಕೆಂಪು, ಕೆಂಪು.

ಹೋದದ್ದು ಐದು ಕಾರ್ಟ್ರಿಜ್, ಒಂದು ರಿವೆಟ್, ಮುಂದಿನ ಹಲ್ಲಿನ ಒಂದು ಚೂರು.