ಇಪ್ಪತ್ತೆಂಟು ದಿನದ ಮಣಿಗಳು

ಮಣಿಗಳನ್ನು ನೆನೆಸಿಟ್ಟ ನಲವತ್ತನೆಯ ದಿನದ ನೀರನ್ನು ಪರೀಕ್ಷೆಗೆ ಹಾಕಿ, ಅವಳು ಪ್ರಯೋಗಾಲಯದ ಯಂತ್ರದ ಮುಂದೆ ಕೂತಿದ್ದಳು. ಪರದೆಯ ಮೇಲಿನ ಗೆರೆ ಏರಲೂ ಇಲ್ಲ, ಬೀಳಲೂ ಇಲ್ಲ; ನಲವತ್ತು ದಿನವೂ ಒಂದೇ ಹದ. ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಬಂದು ನೋಡಿದ.

"ಕೊನೆಗೂ ಗೆದ್ದುಬಿಟ್ರಲ್ಲ ಮೇಡಂ!"

ಗೆದ್ದದ್ದು ಸಾಸಿವೆ ಗಾತ್ರದ ಮಣಿಗಳು. ಸಮುದ್ರಪಾಚಿಯ ಅಂಟಿಗೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಜೇಡಿಮಣ್ಣು ಬೆರೆಸಿ, ಒಳಗೆ ಕೀಟನಾಶಕ ಸೇರಿಸಿ ಮಾಡಿದ್ದು. ಗಿಡದ ಬುಡಕ್ಕೆ ಹಾಕಿದರೆ ದಿನಕ್ಕಿಷ್ಟೆಂದು ಔಷಧಿ ಬಿಡುತ್ತಾ ಹೋಗುತ್ತವೆ; ವಾರವಾರ ಸಿಂಪಡಿಸುವ ಗೋಜಿಲ್ಲ.

ಅವಳು ಆ ಕೆಲಸ ಹಿಡಿದದ್ದೇ ಅಕ್ಕನಿಗಾಗಿ. ಅಪ್ಪ ಹೋದ ಮೇಲೆ ಅಕ್ಕ ಓದು ಬಿಟ್ಟು ಹೂವು ಬೆಳೆಯುವ ಗಾಜುಮನೆಗೆ ಸೇರಿದ್ದಳು. ಹದಿನೇಳು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದು ತಂಗಿಯನ್ನು ಓದಿಸಿದ್ದಳು.

ಎರಡು ವರ್ಷದ ಹಿಂದೆಯೇ ಮಣಿಗಳು ಇಪ್ಪತ್ತೆಂಟು ದಿನ ಬಾಳಿದ್ದವು. ಗಾಜುಮನೆಯ ಯಜಮಾನರೂ ಪ್ರಯೋಗಕ್ಕೆ ಒಪ್ಪಿದ್ದರು.

"ನಂಗೆ ಅಷ್ಟೇ ಸಾಕು ಕಣೇ. ತಿಂಗಳಿಗೊಂದ್ಸಲ ಅಂದ್ರೆ ಎಷ್ಟೋ ಆರಾಮ," ಎಂದಿದ್ದಳು ಅಕ್ಕ.

"ಅರೆಬೆಂದಿದ್ದನ್ನ ಹೊರಗೆ ಕೊಡೋಕಾಗಲ್ಲಕ್ಕಾ. ನಲವತ್ತು ದಿನ ಬರ್ಲಿ. ಆಗ ಯಾರೂ ಬೆರಳು ತೋರ್ಸೋ ಹಾಗಿರಲ್ಲ."

"ಆಯ್ತು ಮಹಾತಾಯಿ, ನೀನು ಹೇಳಿದ್ಮೇಲೆ ಮುಗೀತು," ಎಂದು ಅಕ್ಕ ನಕ್ಕು ಪಂಪು ಹೆಗಲಿಗೇರಿಸಿದ್ದಳು.

ಉಳಿದ ಹನ್ನೆರಡು ದಿನಕ್ಕೆ ಎರಡು ವರ್ಷ ಹಿಡಿಯಿತು. ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ಇಪ್ಪತ್ತೆಂಟು ಎಂದು ಹೇಳಲು ತನಗೆ ನಾಚಿಕೆಯಾಗಿತ್ತು, ಅಷ್ಟೇ. ಇದನ್ನು ಅವಳು ಒಪ್ಪಿಕೊಂಡದ್ದು ಅಕ್ಕನ ಕೈ ನಡುಗತೊಡಗಿದ ಮೇಲೆ. ನರಗಳಿಗೆ ಪೆಟ್ಟಾಗಿದೆ, ಇನ್ನು ಕೀಟನಾಶಕದ ಹತ್ತಿರವೂ ಸುಳಿಯಬಾರದು ಎಂದು ವೈದ್ಯರು ಹೇಳಿ ನಾಲ್ಕು ತಿಂಗಳಾಗಿತ್ತು.

ಸಂಜೆ ಅಕ್ಕನ ಮನೆಗೆ ಹೋಗಿ ಅವಳು ವಿಷಯ ಹೇಳಿದಳು.

"ಅವತ್ತೇ ಕೊಡ್ಬೇಕಿತ್ತು ಅಕ್ಕಾ."

ಹೋಗ್ಲಿ ಬಿಡೇ ಎನ್ನುತ್ತಾಳೆಂದು ಅವಳು ಕಾದಳು. ಚಿಕ್ಕಂದಿನಿಂದ ಎಲ್ಲದಕ್ಕೂ ಅಕ್ಕ ಹಾಗೇ ಅನ್ನುತ್ತಿದ್ದಳು.

"ಹೌದು, ಕೊಡ್ಬೇಕಿತ್ತು," ಎಂದಳು ಅಕ್ಕ. ಗೂಟದ ಮೇಲಿನ ಸ್ವೆಟರ್ ಎಳೆದುಕೊಳ್ಳುತ್ತಾ, "ಈಗ ಹೊಸಬಳೊಬ್ಳು ಬಂದಿದಾಳೆ, ನನ್ನ ಪಂಪು ಅವಳ ಬೆನ್ನಿಗೆ. ಅವಳಿಗಾದ್ರೂ ಬೇಗ ಕೊಡು. ನಡಿ, ಈಗ್ಲೇ ಯಜಮಾನ್ರಿಗೆ ಹೇಳ್ಬಿಟ್ಟು ಬರೋಣ."

ಅಕ್ಕ ಸ್ವೆಟರ್ ತೊಟ್ಟಳು. ಮೇಲಿನ ಗುಂಡಿ ಕಾಜಕ್ಕೆ ಸಿಗಲೊಲ್ಲದು. ತಂಗಿ ಕೈ ಮುಂದೆ ಮಾಡಿದಳು.

"ಇರು, ನಾನೇ ಹಾಕ್ಕೋತೀನಿ."

ಬೀದಿದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ತಂಗಿ ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ನಿಂತಳು. ಒಳಗೆ ಅಕ್ಕ ಎರಡನೆಯ ಗುಂಡಿಗೆ ಬಂದಿದ್ದಳು.