ಕಿವಿಯೊಳಗಿನ ನೀರು

ಮೂರೂವರೆ ವರ್ಷ ತುಂಬಿದರೂ ದಾಓನ್‌ಳ ಬಾಯಲ್ಲಿದ್ದುದು ನಾಲ್ಕೇ ಮಾತು. ಅವಳ ತಾಯಿ ಮಿರ್ಯೊಂಗ್, ಕೊರಿಯಾದ ತೊಂಗ್‌ಯೊಂಗ್ ಬಂದರಿನ ಶೆಡ್ಡೊಂದರಲ್ಲಿ ಸಿಂಪಿಯ ಚಿಪ್ಪೊಡೆದು ಮಾಂಸ ಬಿಡಿಸುವ ಕೆಲಸಕ್ಕಿದ್ದಳು. ಗಂಡ ದೂರದ ಸಮುದ್ರದಲ್ಲಿ, ಮೀನಿನ ಹಡಗಿನಲ್ಲಿ. ಹತ್ತು ದಿನಕ್ಕೊಮ್ಮೆ ಫೋನು.

ಮನೆಯಲ್ಲಿ ಮಾತಾಡುವವಳು ಅವಳೊಬ್ಬಳೇ. ಅನ್ನ ತಿನ್ನಿಸುತ್ತಾ, ಕಾಲುಚೀಲ ಹಾಕುತ್ತಾ ಮಾತಾಡುತ್ತಲೇ ಇರುತ್ತಿದ್ದಳು. ಮಗಳು ಟಿವಿಗೆ ಅಂಟಿಕೊಂಡು ಕೂತಿದ್ದು ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಂಜೆ ಸಿಟ್ಟು ತಡೆಯಲಾರದೆ ಮಿರ್ಯೊಂಗ್ ಅವಳ ಬೆನ್ನಿಗೊಂದು ಬಾರಿಸಿಬಿಟ್ಟಳು.

"ಇವಳಪ್ಪನೂ ನಾಲ್ಕು ವರ್ಷದವರೆಗೆ ತುಟಿ ಬಿಚ್ಚಿರ್ಲಿಲ್ಲ ಕಣಮ್ಮಾ," ಕಿಮ್ಚಿ ಉಪ್ಪಿನಕಾಯಿ ಕೊಡಲು ಬಂದ ಅತ್ತೆ ಅಂದರು. "ಸುಮ್ನೆ ತಲೆ ಕೆಡಿಸ್ಕೋಬೇಡ."

ಕೆಲಸದ ವೇಳೆ ಬಾಯಿ ಬಿಡದ ಅವಳನ್ನು ಶೆಡ್ಡಿನ ಹಿರಿಯಾಕೆ ಚುಚ್ಚಿದಳು: "ತಾಯಿ ಮೂಕಿ ಹಾಗಿದ್ರೆ ಮಗು ಮಾತು ಯಾರಿಂದ ಕಲಿಬೇಕು?"

ಕೊನೆಗೆ ಶಿಶುವಿಹಾರದ ಟೀಚರ್ ಒತ್ತಾಯಿಸಿದ್ದಕ್ಕೆ ಮಿರ್ಯೊಂಗ್ ಮಗಳನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಳು.

"ಕಿವಿತಮಟೆ ಹಿಂದೆ ನೀರು ನಿಂತಿದೆ," ಅಂದರು ಡಾಕ್ಟರು. "ನೋವಿಲ್ಲ, ಜ್ವರ ಇಲ್ಲ, ಅದಕ್ಕೇ ಗೊತ್ತಾಗಿಲ್ಲ. ನೀರಲ್ಲಿ ಮುಳುಗಿದೋರಿಗೆ ಕೇಳಿಸ್ದಂಗೆ ಇವಳಿಗೆ ನಿಮ್ಮ ಮಾತು."

"ಎಷ್ಟು ದಿನದಿಂದ?"

"ಹೇಳೋಕಾಗಲ್ಲಮ್ಮ. ವರ್ಷವೇ ಆಗಿರ್ಬಹುದು. ಮೂರು ತಿಂಗಳು ಕಾಯೋಣ, ಎಷ್ಟೋ ಸಲ ತಾನಾಗೇ ಇಂಗತ್ತೆ."

ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ನಿದ್ದೆಹೋದಳು. ಹೊಡೆದ ಬೆನ್ನನ್ನು ಸವರುತ್ತಾ ಮಿರ್ಯೊಂಗ್ ಕಿಟಕಿಯಾಚೆ ನೋಡುತ್ತಿದ್ದಳು. ಹೇಳಿಕೊಂಡು ಅಳೋಣವೆಂದರೆ ಯಾರೂ ಇರಲಿಲ್ಲ.

ನೀರು ಇಂಗಲಿಲ್ಲ. ಎರಡೂ ಕಿವಿಗೆ ಅಕ್ಕಿಕಾಳಿಗಿಂತ ಸಣ್ಣ ಕೊಳವೆ ಹಾಕಬೇಕಾಯಿತು. "ಅಷ್ಟು ಚಿಕ್ಕ ಮಗೂಗೆ ಆಪರೇಷನ್ನಾ?" ಎಂದು ಗಂಡ ಅನ್ನುವಷ್ಟರಲ್ಲಿ ಫೋನು ಕಡಿದುಹೋಯಿತು. ಅವಳೇ ಸಹಿ ಹಾಕಿ, ಆಪರೇಷನ್ ಕೋಣೆಯ ಬಾಗಿಲ ಹೊರಗೆ ಒಬ್ಬಳೇ ಕೂತಳು.

ಮನೆಗೆ ಬಂದ ಮರುದಿನ ಎಂದಿನಂತೆ "ದಾಓನ್! ಊಟ!" ಎಂದು ಕೂಗಿದಳು. ಮಗು ಎರಡೂ ಕಿವಿ ಮುಚ್ಚಿಕೊಂಡು ಬಿಕ್ಕಿ ಅತ್ತಿತು. ಮಿರ್ಯೊಂಗ್ ಅಂದಿನಿಂದ ದನಿ ತಗ್ಗಿಸಿದಳು.

ಕೇಳಿಸಿದ್ದೇನೋ ಸರಿ, ಮಾತು ಮಾತ್ರ ಒಮ್ಮೆಲೇ ಬರಲಿಲ್ಲ. ಮಗು ಮಾತಿನಲ್ಲಿ ಒಂದೂವರೆ ವರ್ಷ ಹಿಂದಿದೆ, ಎಲ್ಲಾ ಕಿವಿಯಿಂದಲೇ ಆದದ್ದಲ್ಲ ಎಂದರು ಡಾಕ್ಟರು. ವಾರಕ್ಕೆರಡು ದಿನ ಮಾತು ಕಲಿಸುವವರ ಬಳಿ ಕರೆದೊಯ್ಯಲು ಅವಳು ಅರ್ಧ ದಿನದ ಕೆಲಸಕ್ಕೆ ಒಪ್ಪಿಕೊಂಡಳು. ತಿಂಗಳಿಗೆ ಮೂರೋ ನಾಲ್ಕೋ ಹೊಸ ಮಾತು ಬಂದವು.

ಮಳೆಗಾಲದ ಒಂದು ಮಧ್ಯಾಹ್ನ ದಾಓನ್ ಆಟ ಬಿಟ್ಟು ತಲೆಯೆತ್ತಿದಳು. ಮೇಲಿನ ಮನೆಯಲ್ಲಿ ಯಾರೋ ಓಡಾಡುತ್ತಿದ್ದರು.

"ಯಾರು?" ಎಂದಳು, ಚಾವಣಿಗೆ ಬೆರಳು ತೋರಿಸಿ.

ಅದು ಅವಳು ಕೇಳಿದ ಮೊದಲ ಪ್ರಶ್ನೆ. ನಾಲ್ಕು ವರ್ಷದಿಂದ ಇದೇ ಮನೆಯಲ್ಲಿದ್ದರೂ ಮಿರ್ಯೊಂಗ್‌ಗೆ ಉತ್ತರ ಗೊತ್ತಿರಲಿಲ್ಲ.

"ಗೊತ್ತಿಲ್ಲ ಕಂದಾ," ಎಂದು ಪಕ್ಕದಲ್ಲಿ ಕೂತಳು. ಹೆಜ್ಜೆಗಳು ನಿಲ್ಲುವವರೆಗೂ ಇಬ್ಬರೂ ಕಿವಿಗೊಟ್ಟು ಕೇಳಿದರು.